ಗುಂಪು ಫೋಟೋ ಇದ್ದ ಮೇಲೆ ಒಬ್ಬೊಬ್ಬರ ಭಾವಚಿತ್ರ ಏಕೆ?

ನಾನು ನವೋದಯ ವಿದ್ಯಾಲಯವೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಪ್ರತಿ ವರ್ಷ ಜನವರಿಯಲ್ಲಿ, ಹನ್ನೆರಡನೆಯ ತರಗತಿಯವರು ಶಾಲೆ ಬಿಟ್ಟು ಹೊರಡುವ ಮುನ್ನ, ಅವರನ್ನು ಒಬ್ಬೊಬ್ಬರಾಗಿ ಕೂರಿಸಿ ಭಾವಚಿತ್ರ ತೆಗೆದು, ಕಾಗದದ ಮೇಲೆ ಮುದ್ರಿಸಿ, ಬೀಳ್ಕೊಡುಗೆಯ ದಿನ ಅವರವರ ಕೈಗೆ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇದನ್ನು ನೋಡಿದ ಪೋಷಕರು, ವರ್ಗವಾಗಿ ಬಂದ ಹೊಸ ಸಹೋದ್ಯೋಗಿಗಳು, ಕೆಲವೊಮ್ಮೆ ಹಳೆಯ ವಿದ್ಯಾರ್ಥಿಗಳು ಕೂಡ ಕೇಳುವ ಪ್ರಶ್ನೆ ಒಂದೇ: ಗುಂಪು ಫೋಟೋ ಹೇಗೂ ತೆಗೆಸುತ್ತೀರಿ, ಪರೀಕ್ಷೆ ಮುಗಿದು ಮನೆಗೆ ಹೋದ ಮಕ್ಕಳ ಕೈಗೆ ಮೊಬೈಲ್ ಹೇಗೂ ಬರುತ್ತದೆ, ಆಮೇಲೆ ದಿನಕ್ಕೆ ಎಷ್ಟು ಬೇಕಾದರೂ ಚಿತ್ರ ತೆಗೆದುಕೊಳ್ಳುತ್ತಾರೆ, ಹೀಗಿರುವಾಗ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಇಷ್ಟು ಹೊತ್ತು ಕೊಡುವ ಅಗತ್ಯವೇನು?

ವಸತಿ ಶಾಲೆಯಲ್ಲಿ ಬೆಳೆಯುವ ಮಗುವಿಗೆ ತಾನೊಬ್ಬನೇ, ತಾನೊಬ್ಬಳೇ ಎಂದು ಗುರುತಿಸಿಕೊಳ್ಳುವ ಗಳಿಗೆಗಳು ಬಹಳ ಕಡಿಮೆ ಎಂಬುದೇ ನನ್ನ ಉತ್ತರ. ಬೆಳಿಗ್ಗೆ ಗಂಟೆ ಬಾರಿಸಿದಾಗ ಇಡೀ ಡಾರ್ಮಿಟರಿ ಒಟ್ಟಿಗೆ ಏಳುತ್ತದೆ. ಮೆಸ್‌ನ ಮುಂದೆ ತಟ್ಟೆ ಹಿಡಿದ ಸಾಲು, ಪ್ರಾರ್ಥನೆಗೆ ತರಗತಿವಾರು ಸಾಲು, ರಾತ್ರಿ ಹಾಜರಿಗೆ ಹೌಸ್‌ವಾರು ಸಾಲು. ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂಬ ನಾಲ್ಕು ಹೌಸ್‌ಗಳಲ್ಲಿ ಒಂದಕ್ಕೆ ಸೇರಿದ ಮೇಲೆ ಗೆದ್ದರೂ ಹೌಸ್ ಗೆದ್ದಂತೆ, ಯಾರೋ ಒಬ್ಬರು ತಡವಾಗಿ ಬಂದರೂ ಇಡೀ ಹೌಸ್ ಬೈಸಿಕೊಂಡಂತೆ. ಈ ಕೂಡುಬಾಳಿನಿಂದ ಮಕ್ಕಳಿಗೆ ಸಿಗುವ ಸ್ನೇಹ ಎಷ್ಟು ಗಟ್ಟಿಯಾದುದೆಂಬುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಏಳು ವರ್ಷ ಹೀಗೆ ಸಾಲಿನಲ್ಲಿ ನಿಂತವರಿಗೆ, ಹೊರಡುವ ಹೊತ್ತಿನಲ್ಲಾದರೂ, ಯಾರೋ ಒಬ್ಬರು ಎದುರಿಗೆ ಕುಳಿತು ಅವರ ಮುಖವನ್ನೇ ನೋಡುತ್ತ ಸ್ವಲ್ಪ ಸಮಯ ಕಳೆಯಬೇಕು ಎಂದು ನನಗೆ ಅನಿಸುತ್ತದೆ.

ಎರಡನೆಯ ಕಾರಣ ಇನ್ನಷ್ಟು ನೇರವಾದುದು. ನವೋದಯ ವಿದ್ಯಾಲಯಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗವಾಗಿ ಆರಂಭವಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ಜಿಲ್ಲೆಗೊಂದರಂತೆ ದೇಶದ ಹೆಚ್ಚಿನ ಭಾಗಕ್ಕೆ ಹರಡಿದವು. ಐದನೆಯ ತರಗತಿಯಲ್ಲಿರುವಾಗ ಪ್ರವೇಶ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳು ಆರನೆಯ ತರಗತಿಗೆ ಬಂದು ಸೇರುತ್ತಾರೆ. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಂದಿ, ಅದರಲ್ಲಿ ಕನಿಷ್ಠ ಶೇಕಡಾ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಅಂದರೆ ಮಗು ಮನೆ ಬಿಡುವಾಗ ಅದಕ್ಕೆ ಹತ್ತೋ ಹನ್ನೊಂದೋ ವರ್ಷ, ಮರಳುವಾಗ ಹದಿನೇಳು, ಹದಿನೆಂಟು. ಮನುಷ್ಯನ ಮುಖ ಅತ್ಯಂತ ವೇಗವಾಗಿ ಬದಲಾಗುವ ಕಾಲ ಇದೇ, ಮತ್ತು ಆ ಕಾಲದ ಚಿತ್ರಗಳೇ ಈ ಮಕ್ಕಳ ಮನೆಗಳಲ್ಲಿ ಇರುವುದಿಲ್ಲ. ಶಾಲೆಯಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಬೇಸಿಗೆ ರಜೆಯಲ್ಲಿ ಯಾರದಾದರೂ ಮದುವೆಗೆ ಹೋದಾಗ ತೆಗೆದ ಒಂದೆರಡು ಚಿತ್ರ, ಅರ್ಜಿಗೆ ಅಂಟಿಸಿದ ಪಾಸ್‌ಪೋರ್ಟ್ ಗಾತ್ರದ ಫೋಟೋ, ಹಾಲ್ ಟಿಕೆಟ್ಟಿನ ಮಸುಕು ಚಿತ್ರ, ಇಷ್ಟು ಬಿಟ್ಟರೆ ಹನ್ನೆರಡರಿಂದ ಹದಿನೇಳರವರೆಗಿನ ಹುಡುಗನೋ ಹುಡುಗಿಯೋ ಹೇಗಿದ್ದರೆಂದು ತೋರಿಸುವ ಏನೂ ಅನೇಕರ ಮನೆಯಲ್ಲಿ ಸಿಗುವುದಿಲ್ಲ. ಮುಂದೆ ಮೊಬೈಲಿನಲ್ಲಿ ತೆಗೆಯುವ ಸಾವಿರ ಚಿತ್ರಗಳು ಮುಂದಿನ ವರ್ಷಗಳವು. ಈ ವಯಸ್ಸಿನ ಮುಖ ಸಿಗುವುದು ಈಗ, ಇಲ್ಲಿ ಮಾತ್ರ.

ಗುಂಪು ಫೋಟೋವನ್ನು ನಾನು ಕಡೆಗಣಿಸುತ್ತಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಪ್ರಾಂಶುಪಾಲರು ಮತ್ತು ಶಿಕ್ಷಕರು, ಹಿಂದೆ ನಿಂತವರು, ಅವರ ಹಿಂದೆ ಬೆಂಚು ಹತ್ತಿದವರು, ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು. ಇದೊಂದು ದಾಖಲೆ, ಅದರ ಬೆಲೆ ವರ್ಷ ಕಳೆದಂತೆ ಹೆಚ್ಚುತ್ತದೆ. ಆದರೆ 12x18 ಇಂಚಿನ ಹಾಳೆಯಲ್ಲಿ ಒಂದು ಸಾಲಿಗೆ ಇಪ್ಪತ್ತು ಜನರನ್ನು ನಿಲ್ಲಿಸಿದರೆ ಒಬ್ಬೊಬ್ಬರ ಮುಖ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗುತ್ತದೆ. ಅದರಲ್ಲಿ ತಾಯಿ ತನ್ನ ಮಗನನ್ನು ಹುಡುಕಬಲ್ಲಳು, ಅವನನ್ನು ನೋಡಲಾರಳು.

ಒಮ್ಮೆ ಬೀಳ್ಕೊಡುಗೆಯ ಮರುದಿನ ಮಗನನ್ನು ನೋಡಲು ಬಂದಿದ್ದ ತಾಯಿಯೊಬ್ಬರು ಅವನ ಭಾವಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆ ಹುಡುಗ ಯಾವಾಗಲೂ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟುಕೊಳ್ಳುತ್ತಿದ್ದ; ಚಿತ್ರಕ್ಕೆ ಕೂರುವಾಗ ಮಾತ್ರ ತಾನಾಗಿಯೇ ಹಿಂದಕ್ಕೆ ಬಾಚಿಕೊಂಡು ಬಂದಿದ್ದ. ಎಡಹುಬ್ಬಿನ ಮೇಲೆ ಅಡ್ಡಲಾಗಿ ಒಂದು ಹಳೆಯ ಗಾಯದ ಗುರುತು, ಎಂಟನೆಯ ತರಗತಿಯಲ್ಲಿ ಖೋ ಖೋ ಆಡುವಾಗ ಕಂಬಕ್ಕೆ ಬಡಿದು ಆದದ್ದು, ಸ್ಪಷ್ಟವಾಗಿ ಕಾಣುತ್ತಿತ್ತು. ಆ ತಾಯಿ ಅದರ ಮೇಲೆ ಬೆರಳಾಡಿಸಿ, "ಇದು ಯಾವಾಗ ಆತ್ರೀ ಸರ? ನನಗ ಹೇಳೇ ಇಲ್ಲ ನೋಡ್ರಿ ಇಂವ" ಎಂದರು. ಹುಡುಗ ಪಕ್ಕದಲ್ಲೇ ನಿಂತಿದ್ದ. "ಭಾಳ ದಿನ ಆತವ್ವ, ನೀ ಚಿಂತಿ ಮಾಡ್ತಿ ಅಂತ ಹೇಳಲಿಲ್ಲ" ಎಂದು ಹೇಳಿ, ಆ ದಿನ ಏನಾಯಿತು, ಯಾರು ಎತ್ತಿಕೊಂಡು ಹೋದರು, ಸ್ಟಾಫ್ ನರ್ಸ್ ಏನೆಂದರು ಎಂಬುದನ್ನೆಲ್ಲ ಅಲ್ಲೇ ಕಟ್ಟೆಯ ಮೇಲೆ ಕುಳಿತು ವಿವರಿಸಿದ. ಮುಖದ ಮೇಲಿನ ಮಚ್ಚೆ, ಮೊಡವೆ, ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಬಾರದೆಂಬುದು ಮೊದಲಿನಿಂದಲೂ ನನ್ನ ನಿಯಮ. ಆ ನಿಯಮಕ್ಕೆ ಕಾರಣ ಕೇಳುವವರಿಗೆ ಈಗ ನಾನು ಈ ಸಂಗತಿಯನ್ನು ಹೇಳುತ್ತೇನೆ.

ಚಿತ್ರ ತೆಗೆಯುವುದು ಬೀಳ್ಕೊಡುಗೆಯ ದಿನವಲ್ಲ, ಅದಕ್ಕಿಂತ ಮೊದಲಿನ ಭಾನುವಾರಗಳಂದು. ಹನ್ನೊಂದನೆಯ ತರಗತಿಯವರು ಏರ್ಪಡಿಸುವ ಬೀಳ್ಕೊಡುಗೆಗೆ ಹುಡುಗಿಯರು ಸೀರೆ ಉಟ್ಟು, ಹುಡುಗರು ಕೋಟು ತೊಟ್ಟು ಬರುತ್ತಾರೆ. ಅದು ಸಂಭ್ರಮದ ಉಡುಗೆ, ಅನೇಕರಿಗೆ ಎರವಲು ಉಡುಗೆ ಕೂಡ. ಆ ಚಿತ್ರಗಳನ್ನು ಬೇರೆ ಯಾರಾದರೂ ತೆಗೆದೇ ತೆಗೆಯುತ್ತಾರೆ. ನನಗೆ ಬೇಕಾದದ್ದು ಅವರು ಇಲ್ಲಿ ದಿನನಿತ್ಯ ಇದ್ದ ರೀತಿ. ಏನು ತೊಡಬೇಕು, ಎಲ್ಲಿ ಕೂರಬೇಕು, ಜೊತೆಗೆ ಏನನ್ನಾದರೂ ಇಟ್ಟುಕೊಳ್ಳಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ ಎಂದು ಬಿಡುತ್ತೇನೆ. ಹೆಚ್ಚಿನವರು ಚಿತ್ರಕಲಾ ಕೊಠಡಿಯ ಉತ್ತರದ ಕಿಟಕಿಯ ಬಳಿಯೇ ಕೂರುತ್ತಾರೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಓರೆಯಾಗಿರುವುದರಿಂದ ಆ ಕಿಟಕಿಯಿಂದ ನೇರ ಬಿಸಿಲು ಬೀಳದೆ ಆಕಾಶದ ತಂಪು ಬೆಳಕು ಮಾತ್ರ ಬರುತ್ತದೆ. ಇನ್ನೊಂದು ಬದಿಗೆ ಥರ್ಮಾಕೋಲ್ ಹಾಳೆಯೊಂದನ್ನು ನಿಲ್ಲಿಸಿದರೆ ನೆರಳಿನ ಕೆನ್ನೆಗೂ ಸಾಕಷ್ಟು ಬೆಳಕು ಸಿಗುತ್ತದೆ. ಫ್ಲಾಶ್ ಬಳಸುವುದಿಲ್ಲ. 50 ಎಂಎಂ ಲೆನ್ಸ್, ಐದಾರು ಅಡಿ ದೂರ, ನಾನೂ ಸ್ಟೂಲಿನ ಮೇಲೆ ಕುಳಿತು ಅವರ ಕಣ್ಣಿನ ಮಟ್ಟದಲ್ಲಿಯೇ ಇರುತ್ತೇನೆ.

ಒಬ್ಬ ಹುಡುಗಿ ತನ್ನ ಟ್ರಂಕಿನ ಮೇಲೆಯೇ ಕೂರುತ್ತೇನೆಂದು ಹಠ ಹಿಡಿದಳು. ಡಾರ್ಮಿಟರಿಯಿಂದ ಅದನ್ನು ಗೆಳತಿಯರು ಹೊತ್ತು ತಂದರು. ಆರನೆಯ ತರಗತಿಗೆ ಸೇರುವಾಗ ಅಪ್ಪ ಸಂತೆಯಲ್ಲಿ ಕೊಡಿಸಿದ್ದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವಳ ಹೆಸರು, ಊರು, ಕ್ರಮಸಂಖ್ಯೆ, ಒಂದು ಮೂಲೆಯಲ್ಲಿ ತಗ್ಗು, ಚಿಲಕಕ್ಕೆ ಬೀಗದ ಬದಲು ಕಟ್ಟಿದ ಕೆಂಪು ರಿಬ್ಬನ್. ಬೀಗದ ಕೈ ಏಳನೆಯ ತರಗತಿಯಲ್ಲೇ ಕಳೆದುಹೋಗಿತ್ತು, ಅಲ್ಲಿಂದೀಚೆಗೆ ಬೀಗವೇ ಹಾಕಲಿಲ್ಲ, ಯಾರೂ ಏನನ್ನೂ ಮುಟ್ಟಲಿಲ್ಲ ಎಂದು ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆಯೇ ಆ ಭಾವಚಿತ್ರದಲ್ಲಿ ಉಳಿಯಿತು. ನಾನು ಯಾರಿಗೂ ನಗು ಎಂದು ಹೇಳುವುದಿಲ್ಲ, ನಗಬೇಡ ಎಂದೂ ಹೇಳುವುದಿಲ್ಲ. ಮೊದಲ ಕೆಲವು ಚಿತ್ರಗಳಲ್ಲಿ ಎಲ್ಲರೂ ಅರ್ಜಿಯ ಫೋಟೋದಂತೆಯೇ ಬಿಗಿಯಾಗಿರುತ್ತಾರೆ. ಹೀಗೇ ಒಂದಿಷ್ಟು ಮಾತಾಡುತ್ತ ಹೋದರೆ ಭುಜ ತಾನಾಗಿ ಇಳಿಯುತ್ತದೆ.

ಬಣ್ಣದ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಕ್ಯಾಮೆರಾ ತಾನಾಗಿ ಬೆಳಕನ್ನು ಅಳೆಯುವಾಗ ಎದುರಿಗಿರುವುದನ್ನು ಸರಾಸರಿ ಬೂದುಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಬಿಳಿ ಅಂಗಿ ತೊಟ್ಟ ಕಪ್ಪು ಮೈಬಣ್ಣದ ಮಗು ಎದುರಿಗಿದ್ದರೆ, ಅಂಗಿಯ ಬಿಳುಪನ್ನು ತಗ್ಗಿಸುವ ಭರದಲ್ಲಿ ಅದು ಮುಖವನ್ನು ಕತ್ತಲಿಗೆ ತಳ್ಳುತ್ತದೆ, ಕಣ್ಣು ಮೂಗುಗಳ ವಿವರವೇ ಹೋಗುತ್ತದೆ. ಆದ್ದರಿಂದ ನಾನು ಮುಖದ ಮೇಲಿನ ಬೆಳಕನ್ನೇ ಅಳೆಯುತ್ತೇನೆ. ಅಂಗಿ ಕೊಂಚ ಹೆಚ್ಚು ಬೆಳ್ಳಗಾದರೆ ಆಗಲಿ. ಇನ್ನು ಲ್ಯಾಬಿನವರು ಕೇಳದಿದ್ದರೂ ಎಲ್ಲರನ್ನೂ ಬೆಳ್ಳಗೆ ಮಾಡಿ ಮುದ್ರಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ, ಅದನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಬಣ್ಣವನ್ನು ಮುಟ್ಟಬೇಡಿ ಎಂದು ಪ್ರತಿ ವರ್ಷ ಪಕ್ಕದಲ್ಲಿ ನಿಂತು ಹೇಳುತ್ತೇನೆ. ಹದಿನೇಳರ ಹುಡುಗಿಯ ಕೈಗೆ ಅವಳದಲ್ಲದ ಬಣ್ಣದ ಮುಖವನ್ನು ಕೊಟ್ಟು ಇದೇ ನೀನು ಎನ್ನುವುದು ಅವಳಿಗೆ ಮಾಡುವ ಅವಮಾನ.

ಆರನೆಯ ತರಗತಿಗೆ ಬಂದಾಗಿನ ಫೋಟೋವನ್ನು ಪಕ್ಕದಲ್ಲಿ ಇಟ್ಟು ಹೇಗಿದ್ದವರು ಹೇಗಾದರು ಎಂದು ತೋರಿಸಬಹುದಲ್ಲ, ಶಾಲೆಗೂ ಹೆಸರು ಬರುತ್ತದೆ ಎಂಬ ಸಲಹೆಯೂ ಆಗಾಗ ಬರುತ್ತದೆ. ಸಲಹೆ ಕೊಡುವವರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ, ಆದರೆ ಇದಕ್ಕೆ ನಾನು ಒಪ್ಪುವುದಿಲ್ಲ. ವಸತಿ ಶಾಲೆಗಳ ಭಾವಚಿತ್ರಗಳಿಗೆ ನೋವಿನ ಇತಿಹಾಸವೊಂದಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1879ರಲ್ಲಿ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿ ಆರಂಭಿಸಿದ ಕಾರ್ಲೈಲ್ ಶಾಲೆಗೆ ಅಲ್ಲಿನ ಮೂಲನಿವಾಸಿ ಸಮುದಾಯಗಳ ಮಕ್ಕಳನ್ನು ದೂರದೂರದಿಂದ ತಂದು ಸೇರಿಸುತ್ತಿದ್ದರು. ಅವರ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿನುಡಿಯನ್ನು ಆಡಗೊಡದೆ ಬೆಳೆಸಿದರು. ಜಾನ್ ಚೋಟ್ ಎಂಬ ಛಾಯಾಗ್ರಾಹಕ ಆ ಮಕ್ಕಳನ್ನು ಬಂದಾಗ ಒಮ್ಮೆ, ಕೆಲವು ವರ್ಷಗಳ ನಂತರ ಇನ್ನೊಮ್ಮೆ ಚಿತ್ರಿಸಿದ. 1882ರಲ್ಲಿ ಬಂದ ಟಾಮ್ ಟೋರ್ಲಿನೊ ಎಂಬ ನವಾಹೊ ಯುವಕನ ಜೋಡಿ ಚಿತ್ರ ಅವುಗಳಲ್ಲಿ ಬಹಳ ಪ್ರಸಿದ್ಧ: ಮೊದಲನೆಯದರಲ್ಲಿ ಉದ್ದ ಕೂದಲು, ಕಿವಿಯ ಬಳೆಗಳು, ಕೊರಳ ಹಾರ, ಎರಡನೆಯದರಲ್ಲಿ ಕತ್ತರಿಸಿ ಬಾಚಿದ ಕೂದಲು, ಕೋಟು, ಟೈ, ಜೊತೆಗೆ ಬಿಳಿಚಿಕೊಂಡಂತೆ ಕಾಣುವ ಮುಖ. ಶಾಲೆ ತನ್ನ ಸಾಧನೆಯೆಂದು ಆ ಚಿತ್ರಗಳನ್ನು ಪ್ರಚಾರಕ್ಕೆ ಬಳಸಿತು. ನಮ್ಮ ಶಾಲೆಗಳಿಗೂ ಆ ಶಾಲೆಗೂ ಹೋಲಿಕೆಯಿಲ್ಲ. ಇಲ್ಲಿ ಮಕ್ಕಳು ಪರೀಕ್ಷೆ ಬರೆದು, ಆಸೆಪಟ್ಟು ಬರುತ್ತಾರೆ. ಆದರೂ ಹಳ್ಳಿಯಿಂದ ಬಂದ ದಿನದ ಮಗುವನ್ನು ಕೊರತೆಯೆಂದೂ ಹೊರಡುವ ದಿನದ ಮಗುವನ್ನು ಶಾಲೆಯ ಗಳಿಕೆಯೆಂದೂ ಓದಿಸುವ ಜೋಡಣೆ ನನ್ನ ಕೈಯಿಂದ ಆಗಬಾರದು. ತನ್ನೂರಿನಿಂದ ಮಗು ಹೊತ್ತುಕೊಂಡೇ ಬಂದದ್ದು ಬಹಳ ಇರುತ್ತದೆ, ಅದನ್ನು ಇಲ್ಲಿ ಯಾರೂ ಕಲಿಸಿಲ್ಲ.

ಹಾಗಾದರೆ ಈ ಚಿತ್ರ ಯಾರದು ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನ ಈಟನ್ ವಸತಿ ಶಾಲೆಯಲ್ಲಿ ಹದಿನೆಂಟನೆಯ ಶತಮಾನದಿಂದ ಒಂದು ಪದ್ಧತಿ ಇತ್ತು: ಶಾಲೆ ಬಿಡುವ ಆಯ್ದ ಹುಡುಗರು ತಮ್ಮ ತೈಲವರ್ಣದ ಭಾವಚಿತ್ರವನ್ನು ಬರೆಸಿ ಮುಖ್ಯಗುರುಗಳಿಗೆ ಕಾಣಿಕೆಯಾಗಿ ಕೊಡುತ್ತಿದ್ದರು. ರೆನಾಲ್ಡ್ಸ್, ರಾಮ್ನಿ, ಲಾರೆನ್ಸ್ ಅವರಂಥ ದೊಡ್ಡ ಕಲಾವಿದರು ಇವನ್ನು ಬರೆದಿದ್ದಾರೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚಾರ್ಲ್ಸ್ ಗ್ರೇ ಯುವಕನಾಗಿದ್ದಾಗಿನ ಮುಖ ರಾಮ್ನಿಯ ಕುಂಚದಲ್ಲಿ ಹಾಗೆ ಉಳಿದಿದೆ. ಕಲೆಯಾಗಿ ಅವು ಅಮೂಲ್ಯ. ಆದರೆ ಅಲ್ಲಿ ಚಿತ್ರ ಶಾಲೆಯಲ್ಲಿ ಉಳಿಯುತ್ತಿತ್ತು, ಅದನ್ನು ಬರೆಸುವ ಶಕ್ತಿಯಿದ್ದ ಮನೆತನದವರಿಗೆ ಮಾತ್ರ ಆ ಗೌರವ ಸಿಗುತ್ತಿತ್ತು. ನಮ್ಮಲ್ಲಿ ಚಿತ್ರ ಎಲ್ಲರದ್ದೂ ಆಗುತ್ತದೆ, ಮಗುವಿನೊಂದಿಗೆ ಮನೆಗೆ ಹೋಗುತ್ತದೆ. ಶಾಲೆಯ ಗೋಡೆಯ ಮೇಲೆ ಒಂದು ಪ್ರತಿ ಹಾಕಬೇಕೆಂದಿದ್ದರೆ ಅವರನ್ನು ಕೇಳುತ್ತೇನೆ. ಬೇಡವೆಂದವರ ಚಿತ್ರ ಹಾಕುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಜಾಲತಾಣಗಳಲ್ಲಿ ಯಾರದನ್ನೂ ಹಾಕುವುದಿಲ್ಲ.

ಕಾಗದದ ಮೇಲೇ ಏಕೆ ಎಂದೂ ಕೇಳುತ್ತಾರೆ. ಮೊಬೈಲ್ ಬದಲಾಗುತ್ತದೆ, ಮೆಮೊರಿ ಕಾರ್ಡ್ ಕೆಡುತ್ತದೆ, ನಂಬರ್ ಬದಲಾದಾಗ ಹಳೆಯ ಸಂದೇಶಗಳೊಂದಿಗೆ ಚಿತ್ರಗಳೂ ಹೋಗುತ್ತವೆ. ಮುದ್ರಿಸಿದ ಚಿತ್ರ ಬೀರುವಿನಲ್ಲಿ ಸೀರೆಗಳ ನಡುವೆ ಯಾರ ಆರೈಕೆಯೂ ಇಲ್ಲದೆ ಉಳಿಯುತ್ತದೆ. 6x8 ಇಂಚಿನ ಮ್ಯಾಟ್ ಕಾಗದದಲ್ಲಿ ಮುದ್ರಿಸುತ್ತೇನೆ, ಬೆರಳ ಗುರುತು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಿಂಬದಿಯಲ್ಲಿ ಹೆಸರು, ಹೌಸ್, ವರ್ಷವನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯುತ್ತೇನೆ, ಏಕೆಂದರೆ ಬಾಲ್‌ಪೆನ್ನು ಒತ್ತಿದ ಗೆರೆ ಮುಂಬದಿಗೆ ಮೂಡುತ್ತದೆ. ಮನೆಯವರಿಗೆ ಎರಡು ಮಾತು ಹೇಳಿ ಕಳಿಸುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಕಟ್ಟು ಹಾಕಿಸುವುದಾದರೆ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಇಲ್ಲವಾದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡು, ತೆಗೆಯಲು ಹೋದಾಗ ಮುಖವೇ ಕಿತ್ತುಬರುತ್ತದೆ.

ಫೆಬ್ರವರಿಯ ನಡುವಿಗೆ ಬೋರ್ಡ್ ಪರೀಕ್ಷೆ ಶುರುವಾಗುವುದರಿಂದ ಈ ಕೆಲಸವೆಲ್ಲ ಜನವರಿಯೊಳಗೆ ಮುಗಿಯಬೇಕು. ಹತ್ತನೆಯ ತರಗತಿಯ ನಂತರ ಬೇರೆ ಕಾಲೇಜಿಗೆ ಹೋಗುವವರೂ ಇರುವುದರಿಂದ ಅವರ ಚಿತ್ರಗಳನ್ನೂ ಈಗ ತೆಗೆಯಲಾರಂಭಿಸಿದ್ದೇನೆ. ಐದು ವರ್ಷ ಇಲ್ಲಿದ್ದವರು ಬರಿಗೈಯಲ್ಲಿ ಹೋಗಬಾರದು. ಮೂಲ ಚಿತ್ರಗಳನ್ನು ವರ್ಷವಾರು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟಿದ್ದೇನೆ. ಮನೆ ಸೋರಿ ಹಾಳಾಯಿತು, ಊರು ಬಿಡುವಾಗ ಕಳೆಯಿತು, ಅಜ್ಜಿ ತನಗೂ ಒಂದು ಬೇಕೆನ್ನುತ್ತಾಳೆ ಎಂದೆಲ್ಲ ಹಳೆಯ ವಿದ್ಯಾರ್ಥಿಗಳು ಬರೆಯುತ್ತಲೇ ಇರುತ್ತಾರೆ. ಬ್ಯಾಚಿನ ವರ್ಷವನ್ನೂ ಹೌಸ್‌ನ ಹೆಸರನ್ನೂ ತಿಳಿಸಿದರೆ ಸಾಕು, ಹುಡುಕಿ ಇನ್ನೊಂದು ಪ್ರತಿ ಮಾಡಿಸಿ ಅಂಚೆಯಲ್ಲಿ ಕಳಿಸುತ್ತೇನೆ.