ಇ-ಇಂಕ್ ರೀಡರ್ ಬಂತು, ಅರ್ಕಾವತ್ತು ಕೈಕೊಟ್ಟಿತು

ನಾನು ತಂದ ಇ-ಇಂಕ್ ರೀಡರಿನಲ್ಲಿ (ಕಾಗದದ ಹಾಗೆ ಕಾಣುವ ಪರದೆಯ ಇ-ಪುಸ್ತಕ ಓದುವ ಸಾಧನ) ಕೊನೆಗೂ ‘ಸಾಮರ್ಥ್ಯ’ ಸರಿಯಾಗಿ ಕಾಣುತ್ತಿದೆ. ನಿನ್ನೆ ರಾತ್ರಿಯವರೆಗೂ ಅದು ‘ಸಾಮಥ್ರ್ಯ’ ಆಗಿತ್ತು. ಕಾಟ ಕೊಟ್ಟಿದ್ದು ಅರ್ಕಾವತ್ತು, ಅಂದರೆ ‘ರ್’ ಅನ್ನು ಅಕ್ಷರದ ಬಲಕ್ಕೆ ಬರೆಯುವ ಚಿಹ್ನೆ.

ಮೊದಲು ಹೊಸ ರೀಡರ್ ಬಗ್ಗೆ ಎರಡು ಮಾತು. ಆರು ಇಂಚು, 300 ಪಿಪಿಐ (ಇಂಚಿಗೆ 300 ಚುಕ್ಕಿ), ಫ್ರಂಟ್‌ಲೈಟ್ ಇದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಉರಿಬಿಸಿಲಲ್ಲಿ ಹಿಡಿದರೂ ಅಕ್ಷರ ಸ್ಪಷ್ಟ. ಫೋನಿನಲ್ಲಾದರೆ ಆಗ ನನ್ನ ಮುಖ ಮಾತ್ರ ಕಾಣುತ್ತದೆ. ಹಿಂದಿನ ಪುಟದ ನೆರಳು ಸ್ವಲ್ಪ ಉಳಿಯುತ್ತದೆ. ಆರು ಪುಟಕ್ಕೊಮ್ಮೆ ಪೂರ್ತಿ ರಿಫ್ರೆಶ್ ಇಟ್ಟ ಮೇಲೆ ಆ ಕಾಟ ಇಲ್ಲ. ಇದಕ್ಕೆ ಕೋರೀಡರ್ ಎಂಬ ಓದುವ ತಂತ್ರಾಂಶ ಹಾಕಿಕೊಂಡಿದ್ದೇನೆ. ಕವರ್ ಮಾತ್ರ ಏಳು ಇಂಚಿನದು ಬಂತು. ಮಾರಿದವರಿಗೆ ಫೋನ್ ಮಾಡಿದರೆ, ‘ದೊಡ್ಡದೇ ಬಂದಿದೆಯಲ್ಲ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರು. ಸದ್ಯಕ್ಕೆ ಹಳೇ ಪಂಚೆ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ.

ಈಗ ತಲೆನೋವಿನ ವಿಷಯ. ಮಂಡ್ಯದಲ್ಲಿ ನಮ್ಮ ಸೋದರಮಾವ ಒಂದು ಕಾಲಕ್ಕೆ ಸಣ್ಣ ಪತ್ರಿಕೆ ನಡೆಸುತ್ತಿದ್ದರು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಆ ಫೈಲುಗಳನ್ನು ಆಮೇಲೆ ಯಾರೋ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಸಂಖ್ಯೆ ಇರುವ ಯೂನಿಕೋಡ್‌ಗೆ ತಿರುಗಿಸಿದ್ದರು. ಇಪಬ್ (ಇ-ಪುಸ್ತಕದ ಫೈಲ್) ಮಾಡಿ ರೀಡರಿಗೆ ಹಾಕಿದೆ. ಮೊದಲ ನೋಟಕ್ಕೆ ಚೆನ್ನಾಗಿಯೇ ಇತ್ತು. ಫಾಂಟ್ ಬದಲಿಸಿದಾಗ ಶುರುವಾಯಿತು ನೋಡಿ. ನೋಟೊ ಸೆರಿಫ್, ಗುಬ್ಬಿ, ನವಿಲು, ಒಂದೊಂದರಲ್ಲೂ ಅರ್ಕಾವತ್ತು ಒಂದೊಂದು ಗಾತ್ರ. ಕೆಲವು ಕಡೆ ಬಾಡಿಗೆದಾರನ ಹಾಗೆ ಅಕ್ಷರದಿಂದ ದೂರ ನಿಂತಿತ್ತು.

ಮೊದಲು ಅನುಮಾನ ಬಂದಿದ್ದು ಕೋರೀಡರ್ ಮೇಲೆ. ಅದರಲ್ಲಿ ಕರ್ನಿಂಗ್ (ಅಕ್ಷರಗಳ ನಡುವಿನ ಅಂತರದ ಸೆಟ್ಟಿಂಗ್) ‘ಗುಡ್’ನಲ್ಲಿದ್ದರೆ ಅದರೊಳಗಿನ ತಂತ್ರಾಂಶ ಹಾರ್ಫ್‌ಬಝ್ ಅಕ್ಷರ ಜೋಡಿಸುವ ಕೆಲಸವನ್ನು ಪೂರ್ತಿ ಮಾಡುವುದಿಲ್ಲ, ‘ಬೆಸ್ಟ್’ ಬೇಕು. ನೋಡಿದರೆ ‘ಬೆಸ್ಟ್’ನಲ್ಲೇ ಇದೆ. ಸುಮ್ನೆ ‘ಧರ್ಮ’ ಅಂತ ಹುಡುಕಿದೆ. ಪುಟದ ತುಂಬ ಧರ್ಮ ಕಾಣುತ್ತಿದೆ, ಫಲಿತಾಂಶ ಮಾತ್ರ ಸೊನ್ನೆ! ಒಂದೊಂದೇ ಕೋಡ್ ಬಿಡಿಸಿ ನೋಡಿದಾಗ ಸಿಕ್ಕಿತು: ಧ, ಮ, ಆಮೇಲೆ ಅಂಕಿ ೯. ಆಕಾರ ಒಂದೇ ಥರ ಅಲ್ವಾ, ಅರ್ಕಾವತ್ತಿನ ಜಾಗದಲ್ಲಿ ಉದ್ದಕ್ಕೂ ಒಂಬತ್ತು ಕೂತಿದೆ. ಕಾಗದದ ಮೇಲೆ ಯಾರಿಗೆ ಗೊತ್ತಾಗಬೇಕು?

೯ ತೆಗೆದು ‘ರ್’ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ಅದನ್ನು ಹಿಂದಕ್ಕೆ ದಾಟಿಸಲು ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಎಷ್ಟು ಹಿಂದಕ್ಕೆ? ‘ವಷ೯’ ಸುಲಭ. ‘ಕೀತಿ೯’ಯಲ್ಲಿ ಗುಣಿತದ ಚಿಹ್ನೆಯನ್ನೂ ದಾಟಬೇಕು. ‘ಮಾಚ್೯’ನಲ್ಲಿ ಹಲಂತವನ್ನು. ‘ಸಾಮಥ್ಯ೯’ದಲ್ಲಿ ಇಡೀ ಒತ್ತಕ್ಷರವನ್ನು ದಾಟಬೇಕು, ಒಂದೇ ವ್ಯಂಜನ ದಾಟಿದರೆ ಮೇಲೆ ಹೇಳಿದ ‘ಸಾಮಥ್ರ್ಯ’. ಇಷ್ಟಾದರೂ ‘ಫನೀ೯ಚರ್’ ಜಗ್ಗಲಿಲ್ಲ. ಅಲ್ಲಿ ‘ನೀ’ಯ ಗುಡಿಸು ಮತ್ತು ದೀರ್ಘ ಬೇರೆ ಬೇರೆ ಕೋಡಾಗಿದ್ದವು. ಪೈಥಾನ್‌ನಲ್ಲಿ ಮೊದಲು ಎನ್‌ಎಫ್‌ಸಿ (ಬಿಡಿ ಕೋಡುಗಳನ್ನು ಕೂಡಿಸುವ ಯೂನಿಕೋಡ್ ಕ್ರಮ) ಮಾಡಿಕೊಂಡರೆ ಎರಡೂ ಒಂದಾಗುತ್ತವೆ. ಇಲ್ಲಿ ನಿದ್ದೆ ಕೆಟ್ಟಿತು.

ಇನ್ನು ನಿಜವಾದ ಒಂಬತ್ತುಗಳು. ೧೯೯೯ ಸೇಫ್, ಅಕ್ಕಪಕ್ಕ ಅಂಕಿ ಇದ್ದರೆ ಮುಟ್ಟಬೇಡ ಅಂತ ಪ್ರೋಗ್ರಾಮಿಗೆ ಹೇಳಿದ್ದೆ. ಆದರೆ ಟೈಪ್ ಮಾಡಿದ ಮಹಾನುಭಾವರು ಕೆಲವು ಕಡೆ ಜಾಗ ಬಿಡದೆ ‘ಪುಟ೯’ ಎಂದು ಹೊಡೆದಿದ್ದಾರೆ. ಅದು ‘ಪುರ್ಟ’ ಆಯಿತು. ‘ಸಂಚಿಕೆ೯’ ಹೋಗಿ ‘ಸಂಚಿರ್ಕೆ’. ಯಾವುದೋ ಹೊಸ ತಿಂಡಿ ಹೆಸರಿನ ಹಾಗಿದೆ. ಇಂಥ ಪದಗಳಿಗೆ ಬೇರೆ ಪಟ್ಟಿ ಮಾಡಿದೆ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟಾಗಿದೆ?’ ಕೆಆರ್‌ಎಸ್ ನೀರಿನ ಮಟ್ಟ ತೋರಿಸುವ ಗೋಡೆ ಫಲಕ ಮಾಡಬೇಕು. 7.5 ಇಂಚಿನ 800×480 ಇ-ಪೇಪರ್ ಪ್ಯಾನೆಲ್, ಜೊತೆಗೆ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಝೀರೋ. ದಿನಕ್ಕೊಮ್ಮೆ ಬದಲಾದರೆ ಸಾಕು. ಕಪ್ಪು-ಬಿಳಿ ಕಣಗಳು ಒಮ್ಮೆ ಸರಿದು ಕೂತ ಮೇಲೆ ಕರೆಂಟ್ ಇಲ್ಲದೆಯೂ ಅಲ್ಲೇ ಇರುತ್ತವೆ. 124.80 ಅಡಿ ಮುಟ್ಟಿದ ದಿನ ದೊಡ್ಡ ಅಕ್ಷರದಲ್ಲಿ ‘ಭರ್ತಿ’ ಅಂತ ಬರಬೇಕು, ಅದೂ ಸರಿಯಾದ ಅರ್ಕಾವತ್ತಿನ ಜೊತೆ. ಪ್ಯಾನೆಲ್ ‘ಸ್ಟಾಕ್ ಇದೆ’ ಅಂತ ದುಡ್ಡು ಕಟ್ಟಿಸಿಕೊಂಡವರು ಈಗ ‘ಬರ್ತಾ ಇದೆ ಸಾರ್’ ಅನ್ನುತ್ತಿದ್ದಾರೆ.

ಫೈಲಿನಲ್ಲಿ ಇನ್ನು ಉಳಿದಿರುವುದು ‘ರ‍್ಯಾಂಕ್’. ಯೂನಿಕೋಡ್‌ಗೆ ತಿರುಗಿಸುವಾಗ ಅಕ್ಷರಗಳ ರೂಪ ನಿರ್ಧರಿಸುವ, ಕಣ್ಣಿಗೆ ಕಾಣದ ಚಿಹ್ನೆ ಝಡ್‌ಡಬ್ಲ್ಯೂಜೆ ಉದುರಿಹೋಗಿ ‘ರ್ಯಾಂಕ್’ ಆಗಿದೆ. ಪದದ ಶುರುವಿನಲ್ಲಿ ಅರ್ಕಾವತ್ತು ಬರುವ ಹಾಗಿಲ್ಲ, ಅಂಥವನ್ನೆಲ್ಲ ಒಂದೇ ಸಾಲಿನ ಕೋಡ್ ಸರಿ ಮಾಡುತ್ತದೆ. ‘ಪ್ರಥಮರ್ಯಾಂಕ್’ ಅಂತ ಅಂಟಿಸಿ ಬರೆದಿರುವುದನ್ನು ಕೈಯಲ್ಲೇ ತಿದ್ದಬೇಕು.

ಮಾವನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಸರಿ ಕಣಪ್ಪ, ಬರುವಾಗ ಒಂದು ಪ್ರಿಂಟ್ ತಗೊಂಡು ಬಾ’ ಅಂದರು.