ಪಟಾಕಿ ಎಸೆದವನು ಒಬ್ಬ, ಕಣ್ಣಿಗೆ ತಾಗಿಸಿದವನು ಇನ್ನೊಬ್ಬ

ಯಾವುದೇ ಅನಾಹುತ ಆದಾಗ ಕೊನೆಗೆ ಕೈ ಹಾಕಿದವನೇ ಅದಕ್ಕೆ ನೇರ ಕಾರಣ ಅಂತ ಸುಮಾರು ಜನ ತೀರ್ಮಾನ ಮಾಡಿಬಿಡ್ತಾರೆ. ಕೋರ್ಟುಗಳು ಅಷ್ಟು ಸುಲಭವಾಗಿ ಒಪ್ಪಲ್ಲ. ಯಾಕೆ ಅಂತ ತಿಳಿಯೋಕೆ ಇಂಗ್ಲೆಂಡಿನ ಒಂದು ಹಳೇ ಕೇಸು ನೋಡಬೇಕು: ಸ್ಕಾಟ್ ಮತ್ತು ಶೆಫರ್ಡ್ ನಡುವಿನದ್ದು, ತೀರ್ಪು ಬಂದಿದ್ದು 1773ರಲ್ಲಿ.

ಸಾಮರ್ಸೆಟ್‌ನ ಮಿಲ್ಬೋರ್ನ್ ಪೋರ್ಟ್ ಎಂಬ ಊರು, ಜಾತ್ರೆಯ ದಿನ, ಮಾರುಕಟ್ಟೆ ಕಟ್ಟಡದೊಳಗೆ ಜನವೋ ಜನ. ಶೆಫರ್ಡ್ ಅನ್ನೋ ಹುಡುಗ ಹೊತ್ತಿಕೊಂಡಿದ್ದ ಪಟಾಕಿಯನ್ನು ಒಳಗೆ ಎಸೆದ. ಅದು ಯೇಟ್ಸ್ ಎಂಬುವನ ತಿಂಡಿ ಅಂಗಡಿ ಮೇಲೆ ಬಿತ್ತು. ಅಲ್ಲೇ ಇದ್ದ ವಿಲ್ಲಿಸ್, ತನಗೂ ಅಂಗಡಿಗೂ ಏನೂ ಆಗದಿರಲಿ ಅಂತ ಎತ್ತಿ ಆಚೆ ಎಸೆದ. ಈಗ ಅದು ರಯಾಲ್ ಅಂಗಡಿ ಮೇಲೆ. ಅವನೂ ತನ್ನ ಸರಕು ಉಳಿಸಿಕೊಳ್ಳೋಕೆ ಎತ್ತಿ ಎಸೆದ, ಅದು ಹೋಗಿ ಸ್ಕಾಟ್ ಮುಖಕ್ಕೆ ಬಡಿದು ಸಿಡಿಯಿತು, ಅವನ ಒಂದು ಕಣ್ಣು ಹೋಯಿತು.

ಕೊನೆಗೆ ಎಸೆದವನು ರಯಾಲ್. ಆದರೆ ಹೊಣೆ ಬಿದ್ದಿದ್ದು ಶೆಫರ್ಡ್ ಮೇಲೆ. ಮಧ್ಯದ ಇಬ್ಬರೂ ತಮ್ಮನ್ನು ಕಾಪಾಡಿಕೊಳ್ಳೋಕೆ ಗಾಬರಿಯಲ್ಲಿ ಎಸೆದವರು, ಅವರು ಸ್ವತಂತ್ರವಾಗಿ ಯೋಚಿಸಿ ಮಾಡಿದ ಕೆಲಸ ಅದಲ್ಲ, ಹಾಗಾಗಿ ಕಾರಣಗಳ ಸರಪಳಿ ತುಂಡಾಗಿಲ್ಲ ಅಂತ ಹೆಚ್ಚಿನ ನ್ಯಾಯಾಧೀಶರು ಹೇಳಿದರು. ಬ್ಲ್ಯಾಕ್‌ಸ್ಟೋನ್ ಮಾತ್ರ ಒಪ್ಪಲಿಲ್ಲ. ಈ ಗಾಯ ನೇರವಾಗಿ ಆಗಿದ್ದಲ್ಲ, ನೇರ ಗಾಯಕ್ಕೆ ಹಾಕೋ ಬಗೆಯ ದಾವೆ ಇಲ್ಲಿ ನಿಲ್ಲಲ್ಲ ಅನ್ನೋದು ಅವರ ವಾದ. ನನಗೆ ಬಹುಮತದ ತೀರ್ಪೇ ಸರಿ ಅನ್ನಿಸುತ್ತೆ. ಉರಿಯೋ ಪಟಾಕಿ ಕೈಗೆ ಬಂದರೆ ಯಾರಾದರೂ ಹಿಡ್ಕೊಂಡು ನಿಲ್ತಾರಾ?

ಮಧ್ಯೆ ಬಂದವನು ತಾನಾಗೇ ಒಂದು ತಪ್ಪು ಮಾಡಿ, ಅದರಿಂದಲೇ ಅನಾಹುತ ಆದರೆ ಕತೆ ಬೇರೆ. ಅದಕ್ಕೆ ವಕೀಲರು 'ನೋವಸ್ ಆಕ್ಟಸ್ ಇಂಟರ್ವೀನಿಯೆನ್ಸ್' ಅಂತಾರೆ, ಅಂದರೆ ನಡುವೆ ಹೊಸದಾಗಿ ನುಗ್ಗಿದ ಕೃತ್ಯ. ನಮ್ಮ ಸುಪ್ರೀಂ ಕೋರ್ಟಿನ ಕುರ್ಬಾನ್ ಹುಸೇನ್ ರಂಗವಾಲಾ ಕೇಸು ನೋಡಿ. ಮುಂಬೈಯ ಬಣ್ಣದ ಕಾರ್ಖಾನೆ. ವಾರ್ನಿಷ್, ಟರ್ಪೆಂಟೈನ್ ಇಟ್ಟಿದ್ದ ಕೋಣೆಯಲ್ಲೇ ಬರ್ನರ್ ಉರಿಸೋಕೆ ಮ್ಯಾನೇಜರ್ ಆಗಿದ್ದ ರಂಗವಾಲಾ ಬಿಟ್ಟಿದ್ದರು. ಕೆಲಸಗಾರನೊಬ್ಬ ಬರ್ನರ್ ಮೇಲೆ ಕಾಯಿಸಿದ ಸರಕಿನ ಬಿಸಿ ಆರುವ ಮೊದಲೇ ಅವಸರದಲ್ಲಿ ಅದಕ್ಕೆ ಟರ್ಪೆಂಟೈನ್ ಸುರಿದ, ನೊರೆ ಉಕ್ಕಿ ಬೆಂಕಿ ಹತ್ತಿತು, 7 ಜನ ಸತ್ತರು.

ಬರ್ನರ್ ಅಲ್ಲಿ ಇರದಿದ್ದರೆ ಅವರು ಸಾಯ್ತಿರಲಿಲ್ಲ, ಅಲ್ವಾ? ಅಷ್ಟು ಸಾಲದು ಅಂತು ಕೋರ್ಟು. ಕಾರಣಗಳ ಸಾಲಿನಲ್ಲಿ ಅದೂ ಒಂದಾಗಿದ್ದರೆ ಆಗಲ್ಲ, ಸಾವನ್ನು ತಂದ ಕಾರಣ ಅದೇ ಆಗಿರಬೇಕು, ನಡುವೆ ಇನ್ನೊಬ್ಬನ ನಿರ್ಲಕ್ಷ್ಯ ಬಂದಿರಬಾರದು. ಹಾಗಾಗಿ ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಇದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 304ಎ ಬಿದ್ದುಹೋಯಿತು, ಬೆಂಕಿಯ ವಿಷಯದಲ್ಲಿನ ನಿರ್ಲಕ್ಷ್ಯಕ್ಕೆ ಇದ್ದ 285 ಮಾತ್ರ ಉಳಿಯಿತು.

ಒಬ್ಬರನ್ನು ಜೈಲಿಗೆ ಕಳಿಸೋ ವಿಚಾರ ಅಂದಮೇಲೆ ಅಳತೆ ಬಿಗಿಯಾಗೇ ಇರಬೇಕು, ಅದನ್ನು ಒಪ್ತೀನಿ. ಆದರೂ ಈ ತೀರ್ಪು ನನಗೆ ಒಗ್ಗಲ್ಲ. ಕೆಲಸಗಾರರು ಅವಸರ ಮಾಡ್ತಾರೆ ಅನ್ನೋದು ಯಾವ ಮ್ಯಾನೇಜರಿಗೆ ಗೊತ್ತಿರಲ್ಲ? ಟರ್ಪೆಂಟೈನ್ ಪಕ್ಕ ಬೆಂಕಿ ಇಡಬಾರದು ಅನ್ನೋದೇ ಅದಕ್ಕೆ. 304ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 106 ಬಂದರೂ, ಇಂಥ ಕೇಸುಗಳಲ್ಲಿ ಆರೋಪಿ ಪರ ವಕೀಲರು ಮೊದಲು ಮುಂದಿಡೋದು ನಡುವೆ ಇನ್ನೊಬ್ಬನ ತಪ್ಪು ಬಂದಿದೆ ಅನ್ನೋ ಇದೇ ವಾದ.