ಬಳ್ಳಾರಿ ಬಿಸಿಲಲ್ಲಿ ಚಳಿ ಪರೀಕ್ಷೆ

ಹೊರಗೆ 42 ಡಿಗ್ರಿ, ಒಳಗೆ ಇಲಿಗೆ ಚಳಿ ಹಿಡಿಸೋ ಕೆಲಸ: ಅಶ್ವಗಂಧದ ಬೇರಿನ ಸಾರ ಕುಡಿದ ಇಲಿ ಚಳಿ ತಡೆಯುತ್ತಾ ಅಂತ ನೋಡೋ ಪರೀಕ್ಷೆ. ಬಳ್ಳಾರಿಗೇ ಒಪ್ಪೋ ತಮಾಷೆ!

ಸಾರ ತೆಗೆಯೋಕೆ ಬೇರು ನೆರಳಲ್ಲೇ ಒಣಗಬೇಕು. 100 ಗ್ರಾಂ ಪುಡಿಗೆ ನೀರು ಬೆರೆಸಿದ ಆಲ್ಕೋಹಾಲ್ ಒಂದು ಲೀಟರ್. ನೆನೆಸಿ, ಸೋಸಿ, 45 ಡಿಗ್ರಿ ದಾಟದಂತೆ ಇಂಗಿಸಬೇಕು. ಆಲ್ಕೋಹಾಲ್ ಉಳಿದರೆ ಕೆಟ್ಟಿತು: ಅದು ಚರ್ಮದ ರಕ್ತನಾಳ ಹಿಗ್ಗಿಸಿ ಮೈಯನ್ನು ಬೇಗ ತಣ್ಣಗಾಗಿಸುತ್ತದೆ, ಬೈಗುಳ ಮಾತ್ರ ಬೇರಿಗೆ. ಅದಕ್ಕೇ ಸಾರವಿಲ್ಲದೆ ಬರೀ ದ್ರಾವಕ ಕುಡಿಸಿದ ಗುಂಪೊಂದು ಬೇಕೇ ಬೇಕು.

ಮೈಬಿಸಿ ಅಳೆಯುವಾಗ ಇಲಿಯ ಗುದದೊಳಗೆ ಥರ್ಮಾಮೀಟರ್ ತುದಿ ಪ್ರತಿ ಸಲವೂ ಒಂದೇ ಆಳ ಹೋಗಬೇಕು. ಮೇಲೆಮೇಲೆ ಇಟ್ಟರೆ ಇಲ್ಲದ ಚಳಿ ತೋರಿಸುತ್ತೆ. ಒದ್ದೆ ಕೂದಲೂ ಅಂಕಿ ಇಳಿಸುತ್ತೆ, ಹಿಡಿದಾಗಿನ ಗಾಬರಿ ಏರಿಸುತ್ತೆ.

ಕರೆಂಟ್ ಹೋಗಿ ಇಲಿಕೋಣೆ 22ರಿಂದ 34ಕ್ಕೇರಿತೋ, ಆ ವಾರದ ಅಂಕಿ ಬದಿಗಿಡಿ. ಸೆಕೆಗೆ ಒಗ್ಗಿದ ಇಲಿ ಚಳಿಗೆ ಬೇರೆಯೇ ಥರ ನಡುಗುತ್ತದೆ, ನಮ್ಮೂರವರು ಊಟಿಗೆ ಹೋದ ಹಾಗೆ.